ಪಿಸಿಎನ್ ಚೆನ್ನಾಗಿ ಮಾಡಿದರು, ಟ್ಯೂಬ್ ನೋಡಿಕೊಳ್ಳೋದು ಹೇಳಿಕೊಡಲಿಲ್ಲ

ಅಮ್ಮನಿಗೆ ಮೂತ್ರನಾಳದಲ್ಲಿ ಕಲ್ಲು ಸಿಕ್ಕಿಕೊಂಡು ಕಿಡ್ನಿ ಊದಿತ್ತು, ಜೊತೆಗೆ ಚಳಿಜ್ವರ. ಕಟ್ಟಿಕೊಂಡ ಮೂತ್ರದಲ್ಲಿ ಸೋಂಕಾದರೆ ಅದು ರಕ್ತಕ್ಕೆ ಹರಡಿ ಜೀವಕ್ಕೇ ಕುತ್ತು ಬರಬಹುದು, ಕಲ್ಲು ಆಮೇಲೆ ತೆಗೆಯೋಣ, ಮೊದಲು ಮೂತ್ರ ಹೊರಗೆ ಬರಲಿ ಅಂದರು ಯುರಾಲಜಿ ಡಾಕ್ಟರು. ಡಿಜೆ ಸ್ಟೆಂಟ್ (ಮೂತ್ರನಾಳದ ಒಳಗೇ ಇಡುವ ಟ್ಯೂಬ್) ಬಿಟ್ಟು ಪಿಸಿಎನ್ (ಬೆನ್ನಿನ ಕಡೆಯಿಂದ ಕಿಡ್ನಿಗೇ ಟ್ಯೂಬ್ ಹಾಕಿ ಮೂತ್ರ ಹೊರಗೆ ತರೋದು) ಯಾಕೆ ಅಂತಲೂ ನಮ್ಮನ್ನು ಕೂರಿಸಿ ಹೇಳಿದರು. ಅಷ್ಟು ಗಡಿಬಿಡಿಯಲ್ಲೂ ಅವರು ತೋರಿಸಿದ ತಾಳ್ಮೆ ನನಗೆ ತುಂಬಾ ಹಿಡಿಸಿತು.

ಪೂರ್ತಿ ಅರಿವಳಿಕೆ ಬೇಕಾಗಲಿಲ್ಲ. ರಕ್ತ ಹೆಪ್ಪುಗಟ್ಟೋದು ಸರಿಯಿದೆಯಾ ಅಂತ ಟೆಸ್ಟ್ ಮಾಡಿ, ಬೋರಲು ಮಲಗಿಸಿ, ಬೆನ್ನಿನ ಪಕ್ಕ ಮರಗಟ್ಟುವ ಇಂಜೆಕ್ಷನ್ ಕೊಟ್ಟರು. ಸ್ಕ್ಯಾನ್ ನೋಡುತ್ತಾ ಕಿಡ್ನಿಗೆ ಸೂಜಿ ಇಳಿಸಿ, ಅದರೊಳಗಿಂದ ತೆಳು ತಂತಿ ಬಿಟ್ಟು, ತಂತಿಯ ಮೇಲೆ ಟ್ಯೂಬ್ ಜಾರಿಸುತ್ತಾರೆ. ಅಮ್ಮನಿಗೆ ಹಾಕಿದ್ದು 8 ಫ್ರೆಂಚ್, ಅಂದರೆ ಸುಮಾರು 2.7 ಮಿ.ಮೀ. ದಪ್ಪ. ಜಾರಿ ಬರದಿರಲಿ ಅಂತ ಅದರ ತುದಿ ಒಳಗೆ ಸುರುಳಿ ಸುತ್ತಿಕೊಳ್ಳುತ್ತದೆ. ಸ್ವಲ್ಪ ಒತ್ತಿದ ಹಾಗಾಯಿತು, ಅಷ್ಟೇ ಅಂದರು ಅಮ್ಮ. ಜ್ವರ ಇಳಿಯಿತು, ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ತೋರಿಸುವ ರಕ್ತದ ಕ್ರಿಯಾಟಿನಿನ್ನೂ ಇಳಿಯಿತು. ಈ ಕೆಲಸದಲ್ಲಿ ಹೆಸರಿಡೋಕೆ ಏನೂ ಇಲ್ಲ.

ಬೇಜಾರಾಗಿದ್ದು ಡಿಸ್ಚಾರ್ಜ್ ದಿನ. ಮಾತ್ರೆ ಚೀಟಿ, ಬಿಲ್ಲು, ಮೂತ್ರ ತುಂಬಿಕೊಳ್ಳುವ ಒಂದು ಯೂರೋಬ್ಯಾಗ್ ಕೈಗೆ ಕೊಟ್ಟು ಕಳಿಸಿಬಿಟ್ಟರು. ಬ್ಯಾಗ್ ಯಾವಾಗಲೂ ಕಿಡ್ನಿಗಿಂತ ಕೆಳಗಿರಬೇಕು, ಟ್ಯೂಬ್ ಮಡಚಿಕೊಳ್ಳಬಾರದು, ಮಲಗಿ ಹೊರಳುವಾಗ ಎಳೆದುಕೊಳ್ಳದ ಹಾಗೆ ಪ್ಲಾಸ್ಟರ್ ಹಾಕಿರಬೇಕು, ಇದ್ಯಾವುದನ್ನೂ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಮೊದಲ ಒಂದೆರಡು ದಿನ ಮೂತ್ರ ತಿಳಿಗೆಂಪಾಗಿ ಬರೋದು ಮಾಮೂಲು, ಗಟ್ಟಿ ಕೆಂಪಾಗಿ ಹೆಪ್ಪು ಹೆಪ್ಪಾಗಿ ಬಂದರೆ ಮಾತ್ರ ಓಡಬೇಕು ಅನ್ನೋದು ಗೊತ್ತಿಲ್ಲದಿದ್ದರೆ ಮನೆಯವರ ಜೀವ ಹೋಗಿ ಬರುತ್ತದೆ ಅಲ್ವಾ? ಕೊನೆಗೆ ನಾವು ಡ್ರೆಸ್ಸಿಂಗ್‌ಗೆ ಹೋಗುವ ಕ್ಲಿನಿಕ್ಕಿನ ಸಿಸ್ಟರ್ ಎಲ್ಲ ಮಾಡಿ ತೋರಿಸಿದರು, ಅಮ್ಮನ ಕೈಯಲ್ಲೇ ಬ್ಯಾಗ್ ಖಾಲಿ ಮಾಡಿಸಿದರು. ಆ ಸಿಸ್ಟರ್‌ಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು.

ಅವರು ಒತ್ತಿ ಹೇಳಿದ್ದು ಒಂದೇ. ಟ್ಯೂಬ್ ಹೊರಗೆ ಬಂದರೆ ನೀವೇ ಒಳಗೆ ತಳ್ಳಬೇಡಿ, ಕೂಡಲೇ ಆಸ್ಪತ್ರೆಗೆ ಬನ್ನಿ, ತಡವಾದರೆ ದಾರಿ ಮುಚ್ಚಿಕೊಂಡು ಮತ್ತೆ ಹೊಸದಾಗಿ ಚುಚ್ಚಬೇಕಾಗುತ್ತದೆ. ಬ್ಯಾಗಿಗೆ ಮೂತ್ರ ಬರೋದು ನಿಂತು ಪಕ್ಕೆ ನೋವು, ಜ್ವರ ಬಂದರೂ ಅಷ್ಟೇ, ಬೆಳಗಾಗಲಿ ಅಂತ ಕಾಯಬೇಡಿ.

ಚಿಕಿತ್ಸೆಗೆ 5ಕ್ಕೆ 5 ಕೊಡುತ್ತೇನೆ, ಡಿಸ್ಚಾರ್ಜ್‌ಗೆ 2. ಟ್ಯೂಬ್ ಜಾಸ್ತಿ ದಿನ ಇರಬೇಕಾದರೆ ಸಾಮಾನ್ಯವಾಗಿ 3 ತಿಂಗಳಿಗೊಮ್ಮೆ ಬದಲಿಸಬೇಕು, ಆದರೆ ನಮ್ಮ ಡಿಸ್ಚಾರ್ಜ್ ಸಮ್ಮರಿಯಲ್ಲಿ ಆ ತಾರೀಖೇ ಇರಲಿಲ್ಲ. ಟ್ಯೂಬಿನ ಅಳತೆ, ಹಾಕಿದ ದಿನ, ಬದಲಿಸುವ ದಿನ, ರಾತ್ರಿ ಫೋನ್ ಮಾಡಬೇಕಾದ ನಂಬರ್ ಇಷ್ಟನ್ನೂ ಬರೆಸಿಕೊಂಡೇ ವಾರ್ಡಿನಿಂದ ಹೊರಡಿ.