ಕೆಲಸದ ಜಾಗದಲ್ಲೇ ಕೌಶಲದ ಪರೀಕ್ಷೆ: ಆರ್‌ಪಿಎಲ್ ಸೇವೆ ಹೇಗಿದೆ?

ಐಟಿಐ ಮೆಟ್ಟಿಲು ಹತ್ತದೆ, ಯಂತ್ರದ ಮುಂದೆ ನಿಂತೇ ಕಸುಬು ಕಲಿತವರಿಗೆ ಸರ್ಕಾರಿ ಪ್ರಮಾಣಪತ್ರ ಕೊಡುವ ವ್ಯವಸ್ಥೆಯೇ ಪೂರ್ವಕಲಿಕೆಯ ಮಾನ್ಯತೆ, ಅಂದರೆ ಆರ್‌ಪಿಎಲ್. 2015ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಕೌಶಲ ವಿಕಾಸ ಯೋಜನೆಯ ಎರಡನೆಯ ಹಂತದಲ್ಲಿ ಇದನ್ನು ಕಾರ್ಖಾನೆಯ ಆವರಣದಲ್ಲೇ ನಡೆಸಲು ಅವಕಾಶವಿತ್ತು. ಪೀಣ್ಯದ ನಮ್ಮ ಘಟಕದ ಟರ್ನರ್‌ಗಳಿಗೆ, ಅಂದರೆ ಲೇತ್ ಯಂತ್ರದಲ್ಲಿ ಲೋಹ ಕಡೆಯುವವರಿಗೆ, ಆಗ ಈ ಸೇವೆ ಪಡೆದೆವು. ಮೇಲ್ವಿಚಾರಕನಾಗಿ ನಾನು ಕಂಡದ್ದು ಇಲ್ಲಿದೆ.

ಇದರ ದೊಡ್ಡ ಗುಣ ಪ್ರಾಯೋಗಿಕ ಪರೀಕ್ಷೆ. ಕಾರ್ಮಿಕ ದಿನವೂ ದುಡಿಯುವ ಲೇತ್‌ನಲ್ಲೇ ಶಾಫ್ಟ್ ಕಡೆಯಬೇಕು, ಮೌಲ್ಯಮಾಪಕರು ಪಕ್ಕದಲ್ಲಿ ನಿಂತು ನೋಡುತ್ತಾರೆ. ನಮ್ಮಲ್ಲಿಗೆ ಬಂದವರು ಅಳತೆ ಸರಿ ಬಂತೇ ಎಂದಷ್ಟೇ ನೋಡದೆ, ಕಾರ್ಮಿಕರು ಮೈಕ್ರೋಮೀಟರ್ ಎಂಬ ಸೂಕ್ಷ್ಮ ಅಳತೆ ಸಾಧನದ ಮುಖಗಳನ್ನು ಒರೆಸಿ ಸೊನ್ನೆ ಪರಿಶೀಲಿಸಿದರೇ, ಕೊನೆಯಲ್ಲಿ ಒತ್ತಡ ಮಿತಿ ಮೀರದಂತೆ ತಡೆಯುವ ರ‍್ಯಾಚೆಟ್ ಹಿಡಿದು ತಿರುಗಿಸಿದರೇ, ಲೋಹದ ತುಂಡನ್ನು ಹಿಡಿದಿಡುವ ಚಕ್ ತಿರುಗುವ ಮುನ್ನ ಕೈಗವಸು ತೆಗೆದಿಟ್ಟರೇ ಎಂಬುದನ್ನೂ ಗುರುತು ಹಾಕಿಕೊಂಡರು. ಹಲವು ವರ್ಷಗಳ ಅನುಭವಿಯೊಬ್ಬರ ಕೈಚಳಕವನ್ನು ಹೊರಗಿನವರೊಬ್ಬರು ಇಷ್ಟು ಶ್ರದ್ಧೆಯಿಂದ ನೋಡಿದ್ದು ಅವರ ಪಾಲಿಗೆ ನಿಜವಾದ ಗೌರವವೇ ಆಗಿತ್ತು. ಕಲಿಸುವ ಸಂಸ್ಥೆಯೇ ಅಂಕ ಕೊಡದೆ, ಮೌಲ್ಯಮಾಪನವನ್ನು ಬೇರೆ ಸಂಸ್ಥೆಗೆ ವಹಿಸುವ ನಿಯಮವೂ ನನಗೆ ಮೆಚ್ಚುಗೆಯಾಯಿತು.

ತರಬೇತಿಯ ಬಗ್ಗೆ ಅದೇ ಮಾತು ಹೇಳಲಾರೆ. ಮೌಲ್ಯಮಾಪನಕ್ಕೆ ಮುನ್ನ ನಡೆದ 12 ಗಂಟೆಗಳ ಪರಿಚಯ ತರಗತಿಯಲ್ಲಿ ಸುರಕ್ಷತೆಯ ಪಾಠ ಉಪಯುಕ್ತವಾಗಿತ್ತು, ಉಳಿದದ್ದು ಗೊತ್ತಿದ್ದ ವಿಷಯದ ಪುನರಾವರ್ತನೆ. ಟ್ಯಾಬ್ಲೆಟ್‌ನಲ್ಲಿ ಉತ್ತರಿಸಬೇಕಾದ ಲಿಖಿತ ಭಾಗವಂತೂ, ನೂರರಲ್ಲೊಂದು ಮಿಲಿಮೀಟರ್ ವ್ಯತ್ಯಾಸವನ್ನು ಸಲೀಸಾಗಿ ಹಿಡಿಯುವ ಹಿರಿಯರನ್ನು ತಡವರಿಸುವಂತೆ ಮಾಡಿತು. ಓದು ಕಡಿಮೆ ಇರುವವರಿಗೆ ಮೌಖಿಕ ಪರೀಕ್ಷೆಯ ಆಯ್ಕೆ ಇರಲೇಬೇಕು.

ನನ್ನ ಮುಖ್ಯ ಆಕ್ಷೇಪ ಬೇರೆಯೇ ಇದೆ. ನಮ್ಮ ಕೈಗೆ ಬಂದದ್ದು ದರ್ಜೆ ನಮೂದಿಸಿದ ಪ್ರಮಾಣಪತ್ರ ಮಾತ್ರ. ಯಾರು ಥ್ರೆಡ್ಡಿಂಗ್‌ನಲ್ಲಿ (ಸ್ಕ್ರೂ ಸುರುಳಿ ಕಡೆಯುವುದರಲ್ಲಿ) ಹಿಂದಿದ್ದಾರೆ, ಯಾರಿಗೆ ಡ್ರಾಯಿಂಗ್ ಓದಲು ಕಷ್ಟವಾಗುತ್ತದೆ ಎಂಬ ವಿವರ ಮೌಲ್ಯಮಾಪಕರ ಹಾಳೆಯಲ್ಲೇ ಉಳಿಯಿತು. ಆ ವಿವರ ಸಿಕ್ಕಿದ್ದರೆ ಮುಂದಿನ ತರಬೇತಿಯನ್ನು ಒಬ್ಬೊಬ್ಬರ ಅಗತ್ಯಕ್ಕೆ ತಕ್ಕಂತೆ ನಾವೇ ರೂಪಿಸಬಹುದಿತ್ತು.

ಇಷ್ಟಿದ್ದರೂ ಇಂಥ ಸೇವೆಯನ್ನು ಸಣ್ಣ ಘಟಕಗಳಿಗೆ ನಾನು ಶಿಫಾರಸು ಮಾಡುತ್ತೇನೆ. ಒಪ್ಪಿಕೊಳ್ಳುವ ಮುನ್ನ, ಪ್ರತಿ ಕೌಶಲಕ್ಕೆ ಸಿಕ್ಕ ಅಂಕಗಳ ವಿವರವನ್ನು ಕಾರ್ಮಿಕರಿಗೂ ಘಟಕಕ್ಕೂ ಕೊಡಬೇಕೆಂದು ಲಿಖಿತವಾಗಿ ಕೇಳಿ. ತರಗತಿಗಳನ್ನು ಪಾಳಿ ಮುಗಿದ ಮೇಲೆ ಇಡದೆ, ಸಂಬಳದ ಅವಧಿಯಲ್ಲೇ ನಡೆಸಿ.