ಎಚ್‌ಐವಿ ರಿಸರ್ಚ್ ಕಲಿಯೋಕೆ ಹೊರಗೆ ಹೋಗೋದಾ, ಇಲ್ಲೇ ಕಲಿಯೋದಾ? ಮೂರು ದಾರಿನೂ ಮಾಡಿ ನೋಡಿದ್ಮೇಲೆ

ಫೆಲೋಶಿಪ್ ಅರ್ಜಿ ಹಾಕೋ ಟೈಮ್ ಬಂದಾಗೆಲ್ಲ ಜೂನಿಯರ್ಸ್ ಇದನ್ನೇ ಕೇಳ್ತಾರೆ, ಒಂದು ವರ್ಷ ಹೊರದೇಶಕ್ಕೆ ಹೋಗಿ ಎಂಪಿಎಚ್ (ಪಬ್ಲಿಕ್ ಹೆಲ್ತ್ ಮಾಸ್ಟರ್ಸ್ ಡಿಗ್ರಿ) ಮಾಡೋದಾ, ಎಂಟು ವಾರದ ಶಾರ್ಟ್ ಕೋರ್ಸ್ ಸಾಕಾ, ಇಲ್ಲಾ ಇಲ್ಲೇ ಪ್ರಾಜೆಕ್ಟಲ್ಲಿ ಕೆಲ್ಸ ಮಾಡ್ತಾ ಹೊರಗಿಂದ ಬರೋವ್ರ ಹತ್ರ ಕಲಿಯೋದಾ ಅಂತ. ಹನ್ನೆರಡು ವರ್ಷದಲ್ಲಿ ಮೂರನ್ನೂ ಮಾಡಿದೀನಿ, ಅದಕ್ಕೇ ಬರೀತಿದೀನಿ.

ಮೊದ್ಲು ಇಲ್ಲೇ ಕಲಿತಿದ್ದು. ಕೆನಡಾದ ಮ್ಯಾನಿಟೋಬಾ ಯೂನಿವರ್ಸಿಟಿ ಕೈಜೋಡಿಸಿ 2003ರಲ್ಲಿ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಶುರುವಾದ್ಮೇಲೆ ನಮ್ಮ ಜಿಲ್ಲೆಗಳಲ್ಲಿ ತುಂಬಾ ಎಚ್‌ಐವಿ ಸರ್ವೆ ನಡೆದ್ವು, ಆ ಕಾಲದ ಒಂದು ಟೀಮಲ್ಲಿ ನಾನು ಫೀಲ್ಡ್ ಸೂಪರ್‌ವೈಸರ್. ಪೋಲಿಂಗ್ ಬೂತ್ ಸರ್ವೆ ಅಂದ್ರೇನು ಅಂತ ಗೊತ್ತಾಗಿದ್ದು ಅಲ್ಲೇ. ಹತ್ತು ಹನ್ನೆರಡು ಜನರನ್ನ ಕೂರಿಸಿ ಒಬ್ಬೊಬ್ಬರಿಗೂ ಮರೆ ಮಾಡಿ ಕಾರ್ಡು, ಬಣ್ಣದ ಡಬ್ಬಿ ಕೊಡ್ತೀವಿ, ಪ್ರಶ್ನೆ ಜೋರಾಗಿ ಓದ್ತೀವಿ, ಹೌದು ಅನ್ನೋರು ಒಂದು ಡಬ್ಬಿಗೆ, ಇಲ್ಲ ಅನ್ನೋರು ಇನ್ನೊಂದಕ್ಕೆ ಕಾರ್ಡ್ ಹಾಕ್ತಾರೆ, ಹೆಸರಿಲ್ಲ, ಓದು ಬರಹ ಬರಲೇಬೇಕು ಅಂತಿಲ್ಲ. ಎದುರಿಗೆ ಕೂತು ಕೇಳಿದಾಗ ಬಾಯಿಬಿಡದೇ ಇದ್ದ ವಿಷಯ ಇಲ್ಲಿ ಹೊರಗೆ ಬರುತ್ತೆ. ಆದ್ರೆ ಯಾವ ಉತ್ತರ ಯಾರದ್ದು ಅಂತ ಜೋಡಿಸೋಕಾಗಲ್ಲ, ಗುಂಪಿನ ಲೆಕ್ಕ ಮಾತ್ರ ಸಿಗೋದು. ಈ ಲಾಭ ನಷ್ಟ ಎರಡನ್ನೂ ಹೊರಗಿಂದ ಬಂದ ಮೇಷ್ಟ್ರು ನಮ್ಮ ಜೊತೆ ಕಾರ್ಡ್ ಎಣಿಸ್ತಾ ಕೂತು ಹೇಳಿಕೊಟ್ರು, ಇವತ್ತಿಗೂ ಮರೆತಿಲ್ಲ.

ಕೊರತೆ ಏನಂದ್ರೆ ಡೇಟಾ ನಾವು ತರ್ತಿದ್ವಿ, ಅನಾಲಿಸಿಸ್ ಬೇರೆ ಕಡೆ ಆಗ್ತಿತ್ತು. ನಾವು ತಂದ ನಂಬರ್ ಏನ್ ಹೇಳ್ತಿದೆ ಅನ್ನೋದು ಪೇಪರ್ ಅಚ್ಚಾದ್ಮೇಲೇ ನಮಗೆ ಗೊತ್ತಾಗ್ತಿದ್ದಿದ್ದು, ಅದು ತುಂಬಾ ನೋವಾಗ್ತಿತ್ತು.

ಆಮೇಲೆ ಶಾರ್ಟ್ ಕೋರ್ಸ್. ಅಮೆರಿಕ ಸರ್ಕಾರದ ವೈದ್ಯಕೀಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನ ಫಾಗರ್ಟಿ ಸೆಂಟರ್ 1988ರಲ್ಲೇ ಏಡ್ಸ್ ರಿಸರ್ಚ್ ಟ್ರೇನಿಂಗಿಗೆ ಅಂತಾನೇ ಒಂದು ಪ್ರೋಗ್ರಾಂ ಶುರು ಮಾಡಿತ್ತು, ದುಡ್ಡು ಅಲ್ಲಿನ ಯೂನಿವರ್ಸಿಟಿಗೆ ಹೋಗ್ತಿತ್ತು, ಅವ್ರು ನಮ್ಮಂಥ ದೇಶದವ್ರನ್ನ ಕರೆಸಿ ಕಲಿಸ್ತಿದ್ರು. ನಾನು ಹೋಗಿದ್ದೂ ಅದೇ ಮಾದರಿದು. ಎಂಟು ವಾರ ಒಂದೇ ಕೆಲ್ಸ, ನಮ್ಮದೇ ಪ್ರಶ್ನೆ ಇಟ್ಕೊಂಡು ಪ್ರೋಟೋಕಾಲ್, ಅಂದ್ರೆ ಅಧ್ಯಯನದ ಪ್ಲಾನ್, ಬರೆಯೋದು. ನಂದು ಎಆರ್‌ಟಿ ಅಂದ್ರೆ ಎಚ್‌ಐವಿ ಚಿಕಿತ್ಸೆಯ ಮಾತ್ರೆ ತಪ್ಪಿಸೋದರ ಬಗ್ಗೆ. "ಕಳೆದ ನಾಲ್ಕು ದಿನದಲ್ಲಿ ಎಷ್ಟು ಡೋಸ್ ತಪ್ಪಿದೆ" ಅಂತ ಅಲ್ಲಿ ಚಂದ ಬರ್ಕೊಂಡು ಬಂದೆ, ಇಲ್ಲಿ ಸೆಂಟರ್ ಕೌನ್ಸೆಲರ್ ಅಕ್ಕ ಓದಿ, "ಹಿಂಗ್ ಕೇಳಿದ್ರೆ ಬೈತಾರೇನೋ ಅಂತ ಎಲ್ಲರೂ ಒಂದೂ ತಪ್ಪಿಲ್ಲ ಅಂತಾರಮ್ಮ, ನೆಂಟರ ಮನೆ ಮದುವೆಗೆ, ಜಾತ್ರೆಗೆ ಹೋದಾಗ ಮಾತ್ರೆ ಎಲ್ಲಿಟ್ಕೊಂಡಿದ್ರಿ ಅಂತ ಕೇಳು" ಅಂದ್ರು. ಹಂಗೇ ಕೇಳಿದ್ವಿ, ಸೀರೆ ಗಂಟಲ್ಲಿ ಬಚ್ಚಿಟ್ಟಿದ್ದು, ಅತ್ತೆ ನೋಡ್ತಾರೆ ಅಂತ ಎರಡು ದಿನ ಮುಟ್ಟದೇ ಇದ್ದಿದ್ದು ಎಲ್ಲಾ ಬಂತು. ವಾಪಸ್ ಬಂದ್ಮೇಲೆ ಪೈಲಟ್ ಮಾಡೋಕೆ ಸಣ್ಣ ಗ್ರಾಂಟೂ ಇತ್ತು, ಇದು ಈ ದಾರಿಯ ದೊಡ್ಡ ಪ್ಲಸ್. ಮೈನಸ್ ಅಂದ್ರೆ ವಿದೇಶಿ ದುಡ್ಡು ಅಂದ್ಮೇಲೆ ಐಸಿಎಂಆರ್ (ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ) ಮೂಲಕ ಕೇಂದ್ರ ಆರೋಗ್ಯ ಸಚಿವಾಲಯದ ಸ್ಕ್ರೀನಿಂಗ್ ಕಮಿಟಿ ಒಪ್ಪಿಗೆ ಬೇಕು, ಅದು ಬರೋಷ್ಟರಲ್ಲಿ ತಿಂಗಳುಗಳೇ ಕಳೀತು, ಅಲ್ಲಿನ ಗೈಡ್ ಹೊಸ ಪ್ರಾಜೆಕ್ಟಲ್ಲಿ ಮುಳುಗಿ ನನ್ನ ಮೇಲ್‌ಗೆ ಉತ್ತರ ಬರೋದು ನಿಂತೇಹೋಯ್ತು.

ಕೊನೆಗೆ ಎಂಪಿಎಚ್. ಒಂದು ವಿಷಯ ಮಾತ್ರ ಹೇಳ್ತೀನಿ, ಸರ್ವೈವಲ್ ಅನಾಲಿಸಿಸ್, ಅಂದ್ರೆ ಯಾರು ಎಷ್ಟು ಕಾಲ ಬದುಕಿದ್ರು ಅನ್ನೋ ಲೆಕ್ಕ. ಎಆರ್‌ಟಿ ಸೆಂಟರಿಗೆ ಬರೋದು ಬಿಟ್ಟವ್ರನ್ನ ಲೆಕ್ಕದಿಂದ ಸುಮ್ನೆ ಕೈಬಿಟ್ರೆ ಸಾವಿನ ಪ್ರಮಾಣ ಕಮ್ಮಿ ಕಾಣುತ್ತೆ, ಯಾಕಂದ್ರೆ ಬಿಟ್ಟವ್ರಲ್ಲಿ ಎಷ್ಟೋ ಜನ ತೀರಿಕೊಂಡಿರ್ತಾರೆ. ನಾನು ವರ್ಷಗಟ್ಟಲೆ ಆ ತಪ್ಪು ಲೆಕ್ಕವನ್ನೇ ರಿಪೋರ್ಟಲ್ಲಿ ಬರೆದಿದ್ದೆ, ಕ್ಲಾಸಲ್ಲಿ ಕೂತು ಅದು ಗೊತ್ತಾದ ದಿನ ರಾತ್ರಿ ನಿದ್ದೆ ಬರಲಿಲ್ಲ. ಇಷ್ಟು ಆಳ ಬೇರೆ ಎರಡರಲ್ಲೂ ಸಿಗಲಿಲ್ಲ. ಆದ್ರೆ ಥೀಸಿಸ್ ಅವ್ರ ಡೇಟಾ ಮೇಲೆ, ಕೋರ್ಸ್ ಮುಗೀತಿದ್ದಂಗೆ ಅನಾಲಿಸಿಸ್ ಸಾಫ್ಟ್‌ವೇರ್ ಸ್ಟಾಟಾದ ಲೈಸೆನ್ಸೂ ಮುಗೀತು, ವಾಪಸ್ ಬಂದ್ರೆ ನಾನಿದ್ದ ಕಡೆ ಕೂರೋಕೆ ಟೇಬಲ್ ಇಲ್ಲ, ಮಂತ್ಲಿ ರಿಪೋರ್ಟ್ ಕೆಲ್ಸಕ್ಕೆ ಹಾಕಿದ್ರು. ಆರ್ ಅನ್ನೋ ಸಾಫ್ಟ್‌ವೇರ್ ಫ್ರೀ, ಹೋಗೋವ್ರು ಮೊದಲ ದಿನದಿಂದ ಅದರಲ್ಲೇ ಕಲೀರಿ. ಲ್ಯಾಬ್ ಕಡೆಯವ್ರಿಗೆ ಇನ್ನೂ ಕಷ್ಟ, ನನ್ನ ಗೆಳತಿ ಅಲ್ಲಿ ವೈರಸ್‌ನ ಜೀನ್ ಓದೋ ಸೀಕ್ವೆನ್ಸಿಂಗ್ ಕಲಿತು ಬಂದ್ಲು, ಇಲ್ಲಿ ಅದಕ್ಕೆ ಬೇಕಾದ ರೀಏಜೆಂಟಿಗೆ (ರಾಸಾಯನಿಕಕ್ಕೆ) ಬಜೆಟ್ಟೇ ಇಲ್ಲ.

ನನ್ನನ್ನ ಕೇಳಿದ್ರೆ ಮೊದಲು ಇಲ್ಲಿ ಎರಡು ವರ್ಷ ಫೀಲ್ಡ್, ಆಮೇಲೆ ಸ್ವಂತ ಪ್ರಶ್ನೆ ಇಟ್ಕೊಂಡು ಶಾರ್ಟ್ ಕೋರ್ಸ್. ಎಂಪಿಎಚ್‌ಗೆ ಹೋಗೋದಾದ್ರೆ ನಮ್ಮ ಡೇಟಾ ಮೇಲೇ ಥೀಸಿಸ್ ಮಾಡ್ತೀನಿ, ಪೇಪರಲ್ಲಿ ಫಸ್ಟ್ ಆಥರ್, ಅಂದ್ರೆ ಮೊದಲ ಹೆಸರು, ನಂದೇ ಅಂತ ಬರಹದಲ್ಲಿ ಒಪ್ಪಿಸಿಕೊಂಡೇ ಹೋಗಿ, ಇಬ್ಬರು ಗೈಡ್ ಇರಲಿ, ಒಬ್ಬರು ಇಲ್ಲಿಯವ್ರು. ಕಲಿಸೋದು ಅಲ್ಲಿಂದ ಇಲ್ಲಿಗೆ ಮಾತ್ರ ಅನ್ಕೋಬೇಡಿ, ಮೈಸೂರಿನ ಅಶೋದಯ ಸಮಿತಿಲಿ ಲೈಂಗಿಕ ಕಾರ್ಯಕರ್ತರೇ ಬೇರೆ ದೇಶದಿಂದ ಬಂದವ್ರಿಗೆ ಟ್ರೇನಿಂಗ್ ಕೊಡ್ತಾರೆ, ಅರ್ಜಿ ಬರೆಯೋಕೆ ಮುಂಚೆ ಅಲ್ಲಿಗೊಂದ್ಸಲ ಹೋಗಿ ಬನ್ನಿ.