ಪ್ಲಗ್-ಇನ್ ವ್ಯಾಟ್ ಮೀಟರ್: ಯೂನಿಟ್ ಎಲ್ಲಿ ಸೋರುತ್ತಿದೆ ಎಂದು ಹೇಳುವ ಪುಟ್ಟ ಡಬ್ಬಿ

ಗೋಡೆಯ ಸಾಕೆಟ್‌ಗೂ ಉಪಕರಣದ ಪ್ಲಗ್ಗಿಗೂ ನಡುವೆ ಸಿಕ್ಕಿಸುವ, ಅಂಗೈ ಅಗಲದ ಡಬ್ಬಿ ಇದು. ಮುಂದೆ ಒಂದು ಪರದೆ, ಕೆಳಗೆ ಮೂರೋ ನಾಲ್ಕೋ ಬಟನ್ನು. ವೋಲ್ಟ್, ಆಂಪಿಯರ್, ವ್ಯಾಟ್, ಪವರ್ ಫ್ಯಾಕ್ಟರ್ ತೋರಿಸುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಸಿಕ್ಕಿಸಿದಾಗಿನಿಂದ ಒಟ್ಟು ಎಷ್ಟು ಯೂನಿಟ್ ಹರಿಯಿತು ಎಂಬ ಲೆಕ್ಕ ಇಡುತ್ತದೆ. ಹತ್ತಾರು ಹೆಸರಿನಲ್ಲಿ ಬರುತ್ತದೆ, ಕೆಲಸ ಮಾಡುವ ರೀತಿ ಹೆಚ್ಚುಕಡಿಮೆ ಒಂದೇ. ಹಾಗಾಗಿ ಇಲ್ಲಿ ಬರೆದದ್ದು ಯಾವುದೋ ಒಂದು ಬ್ರ್ಯಾಂಡಿನ ಬಗ್ಗೆ ಅಲ್ಲ, ಈ ಜಾತಿಯ ಮೀಟರಿನ ಬಗ್ಗೆ.

ಮೊದಲೇ ಹೇಳಿಬಿಡುವುದು ಒಳ್ಳೆಯದು: ಈ ಡಬ್ಬಿ ತಾನಾಗಿ ಒಂದು ಯೂನಿಟ್ಟನ್ನೂ ಉಳಿಸುವುದಿಲ್ಲ. ಮನೆಯಲ್ಲಿ ಕರೆಂಟು ತಿನ್ನುತ್ತಿರುವುದು ಯಾವುದು ಎಂಬ ನಮ್ಮ ಊಹೆ ಎಷ್ಟು ತಪ್ಪು ಎಂದು ಮಾತ್ರ ತೋರಿಸುತ್ತದೆ. ಅಷ್ಟಕ್ಕೇ ಕೊಳ್ಳಬಹುದಾದ ಸಾಮಾನು.

1000 ವ್ಯಾಟಿನ ಉಪಕರಣ ಒಂದು ಗಂಟೆ ಓಡಿದರೆ ಒಂದು ಯೂನಿಟ್. ಅದು ಎಷ್ಟು ದೊಡ್ಡದು ಎಂಬುದು ಬಿಲ್ಲು ನೋಡಿದರೆ ತಿಳಿಯುವುದಿಲ್ಲ. 1000 ಲೀಟರ್ ನೀರು ಸುಮಾರು 400 ಮೀಟರ್ ಎತ್ತರದಿಂದ ಧುಮುಕಿ ಟರ್ಬೈನ್ ತಿರುಗಿಸಿದರೆ, ಅಲ್ಲಿನ ನಷ್ಟ ಕಳೆದು ಸಿಗುವುದು ಒಂದು ಯೂನಿಟ್. ಕಲ್ಲಿದ್ದಲಿನ ಸ್ಥಾವರವಾದರೆ ಸುಟ್ಟ ಶಾಖದಲ್ಲಿ ಮೂರನೇ ಒಂದು ಭಾಗ, ಹೊಸದಾದರೆ ಶೇ. 40ರಷ್ಟು ಕರೆಂಟಾಗುತ್ತದೆ. ಮಿಕ್ಕದ್ದು ಚಿಮಣಿಯಲ್ಲಿ, ತಂಪುಗೋಪುರದಲ್ಲಿ ಹೋಗುತ್ತದೆ. ತಂತಿಯ ದಾರಿಯಲ್ಲಿ ಇನ್ನೂ ಒಂದಿಷ್ಟು ಸೋರುತ್ತದೆ. ಅಂದರೆ ಸಾಕೆಟ್ಟಿನ ಬಳಿ ಒಂದು ಯೂನಿಟ್ ಉಳಿದರೆ ಆಚೆ ತುದಿಯಲ್ಲಿ ಎರಡೂವರೆ ಮೂರು ಯೂನಿಟ್ಟಿಗೆ ಸಮನಾದ ಇಂಧನ ಉಳಿಯಿತು. ಜಲಾಶಯ ತುಂಬಬೇಕಾದರೆ ಮಳೆ ಬರಬೇಕು, ತೆಗೆದ ಕಲ್ಲಿದ್ದಲು ಗಣಿಯಲ್ಲಿ ಮತ್ತೆ ಬೆಳೆಯುವುದಿಲ್ಲ. ಬಿಸಿಲೇನೋ ಧಾರಾಳ, ಆದರೆ ಎಲ್ಲರ ಮನೆಯಲ್ಲೂ ದೀಪ ಹೊತ್ತುವ ಹೊತ್ತಿಗೆ ಸೋಲಾರ್ ಪ್ಯಾನಲ್ ಮಲಗಿರುತ್ತದೆ.

ಈಗ ಮೀಟರಿಗೆ ಬರೋಣ. ಫೋನ್ ಕಿತ್ತ ಮೇಲೂ ಚಾರ್ಜರ್ ಸ್ವಿಚ್ ಹಾಗೇ ಬಿಟ್ಟಿದ್ದಕ್ಕೆ ಮನೆಮನೆಯಲ್ಲೂ ಬೈಗುಳ ಉಂಟು. ಈಗಿನ ಒಳ್ಳೆಯ ಚಾರ್ಜರ್ ಖಾಲಿ ಕೂತಾಗ ಎಳೆಯುವುದು 0.1 ವ್ಯಾಟ್ ಆಸುಪಾಸು. ವರ್ಷವಿಡೀ ಬಿಟ್ಟರೂ ಒಂದು ಯೂನಿಟ್ ಆಗುವುದಿಲ್ಲ. ಪಕ್ಕದಲ್ಲೇ ರಿಮೋಟಿನಿಂದ ಆಫ್ ಮಾಡಿದ ಸೆಟ್‌ಟಾಪ್ ಬಾಕ್ಸಿಗೆ ಮೀಟರ್ ಹಾಕಿ ನೋಡಿ. ಹಲವು ಬಾಕ್ಸ್‌ಗಳಲ್ಲಿ ಕೆಂಪು ದೀಪ ಬರುತ್ತದೆಯೇ ಹೊರತು ವ್ಯಾಟ್ ಅಷ್ಟೇನೂ ಇಳಿಯುವುದಿಲ್ಲ. 10 ವ್ಯಾಟ್ ನಿಂತಿದ್ದರೆ ವರ್ಷಕ್ಕೆ 87.6 ಯೂನಿಟ್. ಮೇಲಿನ ನೀರಿನ ಲೆಕ್ಕದಲ್ಲಿ ಹೇಳಿದರೆ, ಯಾರೂ ನೋಡದ ಒಂದು ಬಾಕ್ಸಿಗಾಗಿ 12 ಸಾವಿರ ಲೀಟರಿನ ಏಳು ಟ್ಯಾಂಕರ್ ನೀರು ಬೆಟ್ಟದಿಂದ ಇಳಿಯಿತು. ಬೈಗುಳ ಚಾರ್ಜರಿಗೆ, ಊಟ ಬಾಕ್ಸಿಗೆ.

ಈ ಮೀಟರಿನ ನಿಜವಾದ ಉಪಯೋಗ ಫ್ರಿಜ್ಜಿನಲ್ಲಿ. ಕ್ರಮ ಹೀಗೆ: ಫ್ರಿಜ್ ಪ್ಲಗ್ ಕಿತ್ತು ಐದು ನಿಮಿಷ ಬಿಡಿ. ಕೂಡಲೇ ಮತ್ತೆ ಹಾಕಿದರೆ ಒಳಗಿನ ಗ್ಯಾಸಿನ ಒತ್ತಡ ಇಳಿದಿರುವುದಿಲ್ಲ, ಕಂಪ್ರೆಸರ್ ತಿರುಗಲಾರದೆ ಗುಂಯ್‌ಗುಟ್ಟಿ ಓವರ್‌ಲೋಡಿನಲ್ಲಿ ಕಟ್ ಆಗುತ್ತದೆ. ಅಷ್ಟರಲ್ಲಿ ಮೀಟರನ್ನು ಸಾಕೆಟ್ಟಿಗೆ ಸಿಕ್ಕಿಸಿ, ರಿಸೆಟ್ ಬಟನ್ ಒತ್ತಿಹಿಡಿದು ಯೂನಿಟ್ ಲೆಕ್ಕವನ್ನು ಸೊನ್ನೆ ಮಾಡಿ. ಆಮೇಲೆ ಫ್ರಿಜ್ ಹಾಕಿ. ಕಂಪ್ರೆಸರ್ ಹಿಡಿದ ಗಳಿಗೆ ಪರದೆಯ ಅಂಕಿ ಒಮ್ಮೆ ಎಗರಿ, ಕೆಲವು ಸೆಕೆಂಡಿನಲ್ಲಿ 100ರಿಂದ 150ರ ನಡುವೆ ಎಲ್ಲೋ ಬಂದು ಕೂರುತ್ತದೆ. ಮುಕ್ಕಾಲು ಗಂಟೆ ಬಿಟ್ಟು ನೋಡಿದರೆ 2 ವ್ಯಾಟ್ ಇರಬಹುದು. ಎರಡೂ ನಿಜ, ಎರಡರಿಂದಲೂ ಪ್ರಯೋಜನವಿಲ್ಲ. ಫ್ರಾಸ್ಟ್-ಫ್ರೀ ಮಾದರಿಯಲ್ಲಿ ಒಮ್ಮೊಮ್ಮೆ 200 ದಾಟಿ ಹತ್ತಿಪ್ಪತ್ತು ನಿಮಿಷ ನಿಲ್ಲುವುದೂ ಉಂಟು. ಅದು ಮಂಜು ಕರಗಿಸುವ ಹೀಟರ್, ಕೆಟ್ಟದ್ದಲ್ಲ. ಹೀಗಾಗಿ ವ್ಯಾಟ್ ನೋಡುತ್ತಾ ಕೂರಬೇಡಿ. ಕನಿಷ್ಠ 24 ಗಂಟೆ, ಸಾಧ್ಯವಾದರೆ 48 ಗಂಟೆ ಬಿಟ್ಟು ಯೂನಿಟ್ ಓದಿ, ದಿನದ ಲೆಕ್ಕ ಮಾಡಿ 365ರಿಂದ ಗುಣಿಸಿ.

ಬಾಗಿಲ ಮೇಲಿನ ಲೇಬಲ್ ವರ್ಷಕ್ಕೆ 250 ಯೂನಿಟ್ ಅನ್ನುತ್ತಿದ್ದು, ಮೀಟರ್ ದಿನಕ್ಕೆ 1.1 ತೋರಿಸಿದರೆ ಅದು ವರ್ಷಕ್ಕೆ 400. ಅಷ್ಟು ವ್ಯತ್ಯಾಸಕ್ಕೆ ಕಾರಣ ಇದ್ದೇ ಇರುತ್ತದೆ. ಮೊದಲು ಬಾಗಿಲ ರಬ್ಬರ್ ನೋಡಿ. ಒಂದು ಹಾಳೆಯನ್ನು ಅರ್ಧ ಒಳಗೆ ಅರ್ಧ ಹೊರಗೆ ಇಟ್ಟು ಬಾಗಿಲು ಹಾಕಿ ಎಳೆಯಿರಿ. ಬಿಗಿಯಾಗಿ ಹಿಡಿದರೆ ಸರಿ, ಸರಾಗ ಬಂದರೆ ಅಲ್ಲಿ ತಂಪು ಸೋರುತ್ತಿದೆ. ನಾಲ್ಕೂ ಕಡೆ ಹೀಗೆ ಪರೀಕ್ಷಿಸಿ. ಹಿಂಜ್ ಇರುವ ಕಡೆಯನ್ನು ಯಾರೂ ನೋಡುವುದಿಲ್ಲ, ಅಲ್ಲೂ ನೋಡಿ. ಎಷ್ಟೋ ಸಲ ರಬ್ಬರ್ ಹಾಳಾಗಿರುವುದಿಲ್ಲ, ಅದರ ಮಡಿಕೆಯಲ್ಲಿ ಜಿಡ್ಡು ಕೂತಿರುತ್ತದೆ ಅಷ್ಟೆ. ಬೆಚ್ಚಗಿನ ಸೋಪು ನೀರಿನಲ್ಲಿ ಒರೆಸಿದರೆ ಸರಿಹೋಗುತ್ತದೆ. ಆಮೇಲೆ ಹಿಂದಿನ ಕಾಯಿಲ್ ಮೇಲಿನ ಧೂಳು, ಗೋಡೆಗೆ ಒತ್ತಿಕೊಂಡ ಬೆನ್ನು. ಇವೆಲ್ಲ ಸರಿಯಿದ್ದೂ ಕಂಪ್ರೆಸರ್ ನಿಲ್ಲದೆ ಓಡುತ್ತಿದ್ದರೆ ಗ್ಯಾಸ್ ಕಡಿಮೆಯಾಗಿರಬಹುದು ಅಥವಾ ಥರ್ಮೋಸ್ಟ್ಯಾಟ್ ಕೆಟ್ಟಿರಬಹುದು, ಮೆಕ್ಯಾನಿಕ್ ಬೇಕು. ರಿಪೇರಿಗೆ ಮುಂಚಿನ ಮತ್ತು ನಂತರದ ಅಳತೆ ಒಂದೇ ತರಹದ ಹವೆಯಲ್ಲಿರಲಿ. ಬೇಸಿಗೆಯ ಅಂಕಿಯನ್ನು ಚಳಿಗಾಲದ್ದಕ್ಕೆ ಹೋಲಿಸಿ ಬೆನ್ನು ತಟ್ಟಿಕೊಂಡರೆ ಅರ್ಥವಿಲ್ಲ.

ಗೀಸರಿನಲ್ಲಿ ಲೆಕ್ಕ ಸುಲಭ. 15 ಲೀಟರ್ ನೀರನ್ನು 25 ಡಿಗ್ರಿಯಿಂದ 55ಕ್ಕೆ ಏರಿಸಲು 0.52 ಯೂನಿಟ್ ಬೇಕೇ ಬೇಕು, ಯಾವ ಸ್ಟಾರಿನ ಗೀಸರ್ ಆದರೂ ಅದಕ್ಕಿಂತ ಕಡಿಮೆಯಲ್ಲಿ ಆಗದು. 2000 ವ್ಯಾಟಿನದಾದರೆ 16 ನಿಮಿಷ. ನಿಜವಾದ ಸೋರಿಕೆ ನೋಡಬೇಕಾದರೆ ನೀರು ತಿರುಗಿಸದೆ ಒಂದು ದಿನ ಪೂರ್ತಿ ಆನ್ ಇಟ್ಟು ಓದಿ. ನಿರೋಧಕ ಪದರ ತೆಳುವಾದ ಟ್ಯಾಂಕುಗಳಲ್ಲಿ, ಯಾರೂ ಸ್ನಾನ ಮಾಡದಿದ್ದರೂ ಒಂದು ಟ್ಯಾಂಕ್ ಕಾಯಿಸಿದಷ್ಟೇ ಯೂನಿಟ್ ಹೋಗಿರುತ್ತದೆ. ಆ ಅಂಕಿ ಕಂಡ ಮೇಲೆ ಸ್ನಾನಕ್ಕೆ ಇಪ್ಪತ್ತು ನಿಮಿಷ ಮುಂಚೆ ಹಾಕಿ, ಆದ ಮೇಲೆ ಆಫ್ ಮಾಡಿ ಎಂದು ಯಾರೂ ಹೇಳಬೇಕಾಗಿಲ್ಲ.

ಪವರ್ ಫ್ಯಾಕ್ಟರ್ ಬಟನ್ ಬಗ್ಗೆ ಎರಡು ಮಾತು. 9 ವ್ಯಾಟಿನ ಸಾಧಾರಣ ಎಲ್‌ಇಡಿ ಬಲ್ಬ್ ಹಾಕಿದರೆ 230 ವೋಲ್ಟ್, 0.078 ಆಂಪಿಯರ್ ತೋರಿಸಬಹುದು. ಗುಣಿಸಿದರೆ 18. ಬಲ್ಬ್ ಮೋಸದ್ದು ಅಂದುಕೊಳ್ಳಬೇಡಿ, ಪವರ್ ಫ್ಯಾಕ್ಟರ್, ಅಂದರೆ ಹಾಗೆ ಗುಣಿಸಿ ಬಂದದ್ದರಲ್ಲಿ ನಿಜವಾಗಿ ಖರ್ಚಾಗುವ ವ್ಯಾಟಿನ ಪಾಲು, 0.5 ಇದೆ ಎಂದಷ್ಟೇ ಅರ್ಥ. ಮನೆಯ ಬಿಲ್ಲಿನ ಯೂನಿಟ್ ಲೆಕ್ಕ ಆಗುವುದು ವ್ಯಾಟಿನ ಮೇಲೆ. ಸಾಕೆಟ್ಟಿಗೆ ಸಿಕ್ಕಿಸಿದರೆ ಬಿಲ್ ಇಳಿಯುತ್ತದೆ ಎಂದು ಮಾರುವ, ಹಸಿರು ದೀಪದ ‘ಪವರ್ ಸೇವರ್’ ಡಬ್ಬಿಗಳ ಗುಟ್ಟೂ ಇಲ್ಲೇ ಬಯಲಾಗುತ್ತದೆ. ಮೀಟರಿಗೆ ಒಂದು ಎಕ್ಸ್‌ಟೆನ್ಷನ್ ಬೋರ್ಡ್ ಹಾಕಿ, ಅದರಲ್ಲಿ ಫ್ಯಾನೋ ಇನ್ನೊಂದು ಮೋಟಾರೋ ಓಡಿಸಿ, ಪಕ್ಕದಲ್ಲಿ ಸೇವರ್ ಸಿಕ್ಕಿಸಿ. ಒಳಗಿರುವ ಕೆಪಾಸಿಟರಿನಿಂದ ಆಂಪಿಯರ್ ಬದಲಾದೀತು, ವ್ಯಾಟ್ ಕಡಿಮೆಯಾಗದು. ಹಸಿರು ದೀಪದ ಖರ್ಚು ಮೇಲಿನ ಲಾಭ.

ಮೀಟರ್ ಹೇಳುವುದು ಸರಿಯೇ ಎಂದು ಪರೀಕ್ಷಿಸಲು ಮನೆಯ ಮುಖ್ಯ ಮೀಟರೇ ಸಾಕು. ಅದರ ಮೇಲೆ ಮಿನುಗುವ ಕೆಂಪು ದೀಪದ ಪಕ್ಕ ಒಂದು ಯೂನಿಟ್ಟಿಗೆ ಎಷ್ಟು ಮಿನುಗು ಎಂದು ಬರೆದಿರುತ್ತದೆ, 3200 ಎಂದಿಟ್ಟುಕೊಳ್ಳಿ. ಮನೆಯ ಮಿಕ್ಕೆಲ್ಲ ಆಫ್ ಮಾಡಿ, ನೀರು ಕಾಯಿಸುವ ಕೆಟಲ್ ಒಂದನ್ನೇ ಪ್ಲಗ್ ಮೀಟರಿನ ಮೂಲಕ ಓಡಿಸಿ. ಪರದೆಯಲ್ಲಿ 1500 ವ್ಯಾಟ್ ಇದ್ದರೆ ನಿಮಿಷಕ್ಕೆ 80 ಮಿನುಗು ಬರಬೇಕು. ಒಂದೆರಡು ಹೆಚ್ಚುಕಡಿಮೆ ಆದರೆ ಪರವಾಗಿಲ್ಲ. ಕೆಟಲಿನ ಮೇಲೆ ಬರೆದ ವ್ಯಾಟಿಗೆ ಹೋಲಿಸಬೇಡಿ. 230 ವೋಲ್ಟಿನಲ್ಲಿ 1000 ವ್ಯಾಟ್ ಎಳೆಯುವ ಕಾಯಿಲ್, 210 ವೋಲ್ಟಿನಲ್ಲಿ ಎಳೆಯುವುದು ಸುಮಾರು 834 ಮಾತ್ರ. ಎಷ್ಟೋ ಜನ ಇದನ್ನೇ ಮೀಟರಿನ ತಪ್ಪು ಎಂದು ವಾಪಸ್ ಕಳಿಸುತ್ತಾರೆ.

ದೋಷಗಳು ಇಲ್ಲದಿಲ್ಲ. 16 ಆಂಪಿಯರ್ ಎಂದು ಬರೆದಿದ್ದರೂ 3000 ವ್ಯಾಟಿನ ಹೀಟರನ್ನು ಗಂಟೆಗಟ್ಟಲೆ ಅದರ ಮೂಲಕ ಓಡಿಸುವುದು ಬೇಡ. ಒಳಗಿನ ಹಿತ್ತಾಳೆಯ ಕ್ಲಿಪ್ ಸಡಿಲವಿದ್ದರೆ ಅಲ್ಲೇ ಕಾಯ್ದು ಪ್ಲಾಸ್ಟಿಕ್ ಕಂದಾಗುತ್ತದೆ. ಮೊದಲ ಸಲ ಭಾರಿ ಉಪಕರಣ ಹಾಕಿದಾಗ ಇಪ್ಪತ್ತು ನಿಮಿಷಕ್ಕೆ ಆಫ್ ಮಾಡಿ ಪ್ಲಗ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಿದ್ದರೆ ಬಿಟ್ಟುಬಿಡಿ. ಅಗ್ಗದ ಮಾದರಿಗಳಲ್ಲಿ ಗುಂಡಿ ಸೆಲ್ ಸತ್ತರೆ ಒಂದು ಸಲ ಕರೆಂಟ್ ಹೋದ ಕೂಡಲೇ ಎರಡು ದಿನದ ಲೆಕ್ಕವೂ ಅಳಿಸಿಹೋಗುತ್ತದೆ. ಸೆಲ್ ಇಲ್ಲದೆಯೇ ನೆನಪಿಟ್ಟುಕೊಳ್ಳುವ ಮಾದರಿ ವಾಸಿ. ಸಾಕೆಟ್ ನೆಲಕ್ಕೆ ಹತ್ತಿರವಿದ್ದರೆ ಪರದೆ ಓದಲು ಮಂಡಿಯೂರಬೇಕು, ಪಕ್ಕದ ಸ್ವಿಚ್ಚೂ ಮುಚ್ಚಿಹೋಗುತ್ತದೆ. ಗಿಡ್ಡ ವೈರಿನ ತುದಿಯಲ್ಲಿ ಪರದೆ ಇರುವ ಮಾದರಿ ಸಿಕ್ಕರೆ ಅದನ್ನೇ ಕೊಳ್ಳಿ.

ನೇರ ವೈರಿಂಗಿನ ಎಸಿ, ಪಂಪುಗಳಿಗೆ ಇದು ಆಗದು. ಅಲ್ಲಿ ಎಲೆಕ್ಟ್ರಿಷಿಯನ್, ತಂತಿಯ ಸುತ್ತ ಹಿಡಿದು ಕರೆಂಟು ಅಳೆಯುವ ಕ್ಲ್ಯಾಂಪ್ ಮೀಟರ್ ತರಬೇಕು. ಕ್ಲ್ಯಾಂಪನ್ನು ಒಂದೇ ತಂತಿಗೆ ಹಾಕಬೇಕು, ಎರಡನ್ನೂ ಸೇರಿಸಿ ಹಿಡಿದರೆ ಸೊನ್ನೆ ತೋರಿಸುತ್ತದೆ. ವೈಫೈ ಸ್ಮಾರ್ಟ್ ಪ್ಲಗ್ಗುಗಳೂ ಅಳೆಯುತ್ತವೆ, ಫೋನಿನಲ್ಲಿ ಗ್ರಾಫ್ ಚೆನ್ನಾಗಿ ಕಾಣುತ್ತದೆ. ಆದರೆ ಅವು ತಾವೇ ಒಂದು ವ್ಯಾಟ್‌ನಷ್ಟು ತಿನ್ನುತ್ತಾ ಕೂತಿರುತ್ತವೆ. ಮೇಲಾಗಿ ಮೋಟಾರ್ ಲೋಡಿಗೆ ಒಳಗೆ ಆನ್-ಆಫ್ ಮಾಡುವ ಪುಟ್ಟ ಸ್ವಿಚ್, ಅಂದರೆ ರಿಲೇ, ಅಂಟಿಕೊಂಡುಬಿಡುವುದುಂಟು.

ಮನೆಗೊಂದು ಬೇಕಾಗಿಲ್ಲ. ಒಂದು ವಾರ ಎಲ್ಲ ಅಳೆದ ಮೇಲೆ ಇದು ಡ್ರಾಯರ್ ಸೇರುತ್ತದೆ, ಹಾಗಾಗಿ ನಾಲ್ಕು ಮನೆಯವರು ಸೇರಿ ಒಂದು ಕೊಂಡರೆ ಸಾಕು. ಎರಡು ವ್ಯಾಟಿಗಿಂತ ಕಡಿಮೆ ಎಳೆಯುವ ವಸ್ತುವಿಗೆ ಸೊನ್ನೆ ತೋರಿಸಿದರೆ ನಂಬಬೇಡಿ, ಅಷ್ಟು ಸಣ್ಣದನ್ನು ಇದು ಗ್ರಹಿಸುವುದಿಲ್ಲ. ಒಂದೇ ತರಹದ ನಾಲ್ಕೈದನ್ನು ಎಕ್ಸ್‌ಟೆನ್ಷನ್ ಬೋರ್ಡಿಗೆ ಒಟ್ಟಿಗೆ ಸಿಕ್ಕಿಸಿ, ಬಂದ ಅಂಕಿಯನ್ನು ಭಾಗಿಸಿ. ಬೋರ್ಡಿಗೇ ಸೂಚಕ ದೀಪವಿದ್ದರೆ ಅದರ ವ್ಯಾಟನ್ನು ಮೊದಲೇ ಕಳೆದುಕೊಳ್ಳಿ.